ಗೊತ್ತಿಲ್ಲದ್ದಕ್ಕೂ ಹೂಂ ಎಂದ ಡಿಸ್ಕು

ಸಾಹಿರಾ ಹುಕ್ಕೇರಿಯಲ್ಲಿ ಚಾಚಾ ನಬಿಲಾಲನ ಕಂಪ್ಯೂಟರ್ ಅಂಗಡಿ ನೋಡಿಕೊಳ್ಳುವವಳು. ಅವಳೇ ಬರೆದ ಶೆಲ್ ಸ್ಕ್ರಿಪ್ಟು ಎಂಬ ಪುಟ್ಟ ಪ್ರೋಗ್ರಾಮು ಹಾರ್ಡ್ ಡಿಸ್ಕಿಗೆ ಒಂದೊಂದೇ ಕಮಾಂಡ್ ಕಳಿಸಿ, ಯಾವುದು ಅದಕ್ಕೆ ತಿಳಿಯುತ್ತದೆಂದು ತೋರಿಸುತ್ತಿತ್ತು. ಇವತ್ತು ಯಾವ ಡಿಸ್ಕಿಗೂ ಇಲ್ಲದ ಸುಳ್ಳು ಕಮಾಂಡೊಂದನ್ನು ಬೇಕೆಂದೇ ಅದಕ್ಕೆ ಸೇರಿಸಿದಳು. ಸರಿಯಾದ ಡಿಸ್ಕು ‘ಗೊತ್ತಿಲ್ಲ’ ಎನ್ನಬೇಕು. ಮಾರಲೆಂದು ಗೋಕಾಕದಿಂದ ತಂದ ಹೊಸ ಡಿಸ್ಕು ‘ಆಯಿತು’ ಎಂದಿತು.

“ಎಲ್ಲಾ ಪಾಸ್ ಆಗೇತಲ್ಲ, ಮಾರಿ ಯಾಕ ಸಪ್ಪಗ ಮಾಡಿ?” ಎಂದ ನಬಿಲಾಲ.

“ಗೊತ್ತಿಲ್ಲದ್ದಕ್ಕೂ ಹೂಂ ಅಂತೈತಿ ಚಾಚಾ. ನಾಳೆ ಗಿರಾಕಿ ಫೋಟೊ ಇಟ್ಕೊಳ್ಳದನ ಇಟ್ಕೊಂಡೇನಿ ಅಂದ್ರ?”

“ನಾಳೆ ನಿನ್ನ ನೋಡಾಕ ಬಂದ ವರನ್ನೂ ಹಿಂಗ ಪರೀಕ್ಷಾ ಮಾಡ್ತಿ ನೀ!”

ಸಾಹಿರಾ ನಗಲಿಲ್ಲ. ಇಂಥದೇ ಡಿಸ್ಕನ್ನು ಹೋದ ವಾರ ಕಣಗಲಾ ಊರಿನ ಡಾಕ್ಟರರಿಗೆ ರೋಗಿಗಳ ಎಕ್ಸರೇ ಇಡಲು ಕೊಟ್ಟಿದ್ದಳು. ಫೋನ್ ಹಚ್ಚಿದಳು.

“ಡಾಕ್ಟರ್ರಿ, ಈ ವಾರದ ಎಕ್ಸ್‌ರೇ ಒಂದೊಂದ ತೆಗದ ನೋಡ್ರಿ. ಕಾಣ್ತಾವೇನ್ರಿ?”

“ಒಂದೀಟ ತಡಿಯವ್ವಾ,” ಎಂದರು ಅವರು.

ಸಾಹಿರಾ ಫೋನನ್ನು ಕಿವಿಗೆ ಒತ್ತಿ ಹಿಡಿದು ನಿಂತೇ ಇದ್ದಳು.