ನಡುಮನೆಯ ಹವಳಕ್ಕೆ ಶಸ್ತ್ರಚಿಕಿತ್ಸೆ

ಹೋದ ತಿಂಗಳ ಎರಡನೆಯ ಭಾನುವಾರ ಬೆಳಗ್ಗೆ ಪದ್ಮನಾಭನಗರದ ನಮ್ಮ ನಡುಮನೆಯಲ್ಲಿ ಒಂದು ಶಸ್ತ್ರಚಿಕಿತ್ಸೆ ನಡೆಯಿತು. ರೋಗಿ ಒಂದು ಮೆದು ಹವಳ. ವೈದ್ಯ, ಅನ್ಯಗತಿಯಿಲ್ಲದೆ, ನಾನು. ಪತ್ರಿಕೆಯ ಡೆಸ್ಕಿನಲ್ಲಿ ಪರರ ವಾಕ್ಯಗಳನ್ನಷ್ಟೇ ಕತ್ತರಿಸಿ ಅಭ್ಯಾಸವಿರುವವನ ಕೈಗೆ ಹೊಸ ಬ್ಲೇಡು ಬಂದದ್ದು ಹೇಗೆಂದು ತಿಳಿಸದಿದ್ದರೆ ಈ ವರದಿ ಅಪೂರ್ಣವಾಗುತ್ತದೆ.

ಹವಳವೆಂದರೆ ಉಂಗುರಕ್ಕೆ ಕೂರಿಸುವ ಕೆಂಪು ಕಲ್ಲೆಂದೇ ನೀವೂ ತಿಳಿದಿದ್ದರೆ ಸಂಕೋಚಪಡಬೇಕಿಲ್ಲ. ನಮ್ಮ ಜೊತೆಗಿರುವ ನನ್ನ ಅತ್ತೆಯೂ ಹಾಗೆಯೇ ತಿಳಿದಿದ್ದರು. ನಮ್ಮ ಉಪ್ಪುನೀರಿನ ಅಕ್ವೇರಿಯಮ್ಮಿನಲ್ಲಿರುವುದು ಅಂಗೈಯಗಲದ, ಕಂದುಬಣ್ಣದ, ಅಣಬೆಯಂಥ ಜೀವಿ. ಆರೋಗ್ಯವಾಗಿದ್ದಾಗ ಅದರ ಕೊಡೆಯ ತುಂಬ ಪುಟ್ಟ ಎಸಳುಗಳು ಅರಳಿ ನೀರಿನೊಡನೆ ತೂಗುತ್ತವೆ. ಆ ವಾರ ಅವು ಮುಚ್ಚಿಕೊಂಡಾಗ, ಹವಳ ಆಗಾಗ ಮಾಡುವಂತೆ ಪೊರೆ ಕಳಚುತ್ತಿರಬಹುದೆಂದು ಕಾದೆ. ಶನಿವಾರ ಸಂಜೆ ಅಂಚು ಕಪ್ಪಾಗಿ ಕೊಳೆತ ವಾಸನೆ ಬಂತು. ಅದನ್ನು ಮಾರಿದ ಜಯನಗರದ ಅಂಗಡಿಯವರಿಗೆ ಫೋನ್ ಮಾಡಿದೆ.

"ಕೊಳೆತಿರೋ ಭಾಗ ಬೇಗ ಕಟ್ ಮಾಡಿ ಸಾರ್. ಬಿಟ್ರೆ ಪೂರ್ತಿ ಕರಗೋಗುತ್ತೆ," ಎಂದರು.

ಬ್ಲೇಡು ಹಿಡಿದು ಬಂದ ನನ್ನನ್ನು ಅತ್ತೆ ತಡೆದರು. "ಅಳಿಯಂದ್ರೇ, ಅದು ಗಿಡಾನೋ ಪ್ರಾಣೀನೋ?"

ಮೊಟ್ಟೆಯ ಸಿಪ್ಪೆಯೂ ಕಾಣದ ಮನೆಯಲ್ಲಿ, ಹವಳ ಬದುಕಲು ಗಿಡವೆಂಬ ಒಂದು ಪದ ಸಾಕಿತ್ತು. ಆದರೆ ಖಚಿತವಾಗಿ ತಿಳಿದ ಸಂಗತಿಯನ್ನು ತಿರುಚುವುದು ವೃತ್ತಿಧರ್ಮವಲ್ಲ. "ಪ್ರಾಣಿ," ಎಂದೆ.

"ನೋಡಮ್ಮ, ಇವರೊಂದು ಸುಳ್ಳು ಹೇಳಿದ್ರೆ ನಾಳೆ ಪೇಪರೇ ಬರಲ್ಲ," ಎಂದಳು ಹೆಂಡತಿ ಗೀತಾ.

ಅತ್ತೆ ಗಾಜಿಗೆ ಮೂಗು ತಾಗಿಸಿ ಪರಿಶೀಲಿಸಿದರು. "ಕೂತ ಜಾಗ ಬಿಟ್ಟು ಏಳಲ್ಲ, ಬೆಳಕು ಬಿದ್ರೆ ಅರಳುತ್ತೆ. ಗಿಡಾನೇ. ನಿಮಗ್ಯಾರೋ ತಪ್ಪು ಹೇಳಿದಾರೆ."

ನಾನು ಬ್ಲೇಡೆತ್ತಿದೆ.

"ಆದ್ರೆ ದೀಪ ಹಚ್ಚಾಯ್ತು. ಇನ್ನು ಗಿಡ ಮುಟ್ಟೋ ಹಾಗಿಲ್ಲ, ಮಲಗಿರುತ್ತೆ. ಬೆಳಗ್ಗೆ ನೋಡೋಣ," ಎಂದರು ಅತ್ತೆ.

ಸತ್ಯಕ್ಕೂ ತಡೆ, ಅದರ ತಿದ್ದುಪಡಿಗೂ ತಡೆ! ದಿನವೂ ಗಡುವಿಗೆ ಓಡುವವನು ಅಂದು ಕೈಕಟ್ಟಿ ಕುಳಿತೆ.

ಬೆಳಗಾಗುವಷ್ಟರಲ್ಲಿ ಕಪ್ಪು ಅರ್ಧ ಕೊಡೆಗೆ ಹಬ್ಬಿತ್ತು. ಕೈಗವಸು ತೊಟ್ಟು, ಹವಳವನ್ನು ಅದು ಅಂಟಿದ್ದ ಕಲ್ಲಿನ ಸಮೇತ ಬೇಸಿನ್ನಿಗೆ ತೆಗೆದು, ಕತ್ತರಿಸತೊಡಗಿದೆ. ಅತ್ತೆ ಭುಜದ ಹಿಂದೆಯೇ ನಿಂತಿದ್ದರು.

"ಹೆದರ್ಕೋತಾ ಕುಯ್ಯಬೇಡಿ. ಅಯ್ಯೋ, ಆ ಚೆನ್ನಾಗಿರೋ ಚೂರು ಯಾಕೆ ಬಿಸಾಕ್ತೀರಿ? ಅದನ್ನೂ ನೆಡಿ!"

ಪ್ರಾಣಿಯನ್ನು ಯಾರಾದರೂ ನೆಡುತ್ತಾರೆಯೇ ಎಂದು ಕೇಳಲು ಬಾಯಿ ತೆರೆದವನು, ಮೆದು ಹವಳದ ತುಂಡು ಕಲ್ಲಿಗಂಟಿ ಬೆಳೆಯುತ್ತದೆಂದು ಓದಿದ್ದು ನೆನಪಾಗಿ ಮುಚ್ಚಿದೆ. ಜೀವಶಾಸ್ತ್ರದಲ್ಲಿ ಸೋತವರು ತೋಟಗಾರಿಕೆಯಲ್ಲಿ ಗೆದ್ದಿದ್ದರು. ತಾಯಿ ಹವಳ, ಚೂರು ಎರಡನ್ನೂ ಹವಳಕ್ಕೆಂದೇ ಸಿಗುವ ಅಯೋಡಿನ್ ಬೆರೆಸಿದ ಅಕ್ವೇರಿಯಮ್ ನೀರಿನಲ್ಲಿ ತುಸುಹೊತ್ತು ಅದ್ದಿ, ಚೂರನ್ನು ರಬ್ಬರ್‌ಬ್ಯಾಂಡಿನಿಂದ ಸಣ್ಣ ಕಲ್ಲಿಗೆ ಕಟ್ಟಿ, ನೀರಿಗೆ ಮರಳಿಸಿದೆ.

ಅದು ಪ್ರಾಣಿಯೆಂಬ ನನ್ನ ನಿಲುವು ಬದಲಾಗಿಲ್ಲ. ಆದರೂ ಬೆಳಗ್ಗೆ ಕಾಫಿ ಹಿಡಿದು ಗಾಜಿನ ಮುಂದೆ ನಿಲ್ಲುವಾಗ, "ಚಿಗುರಿತಾ?" ಎಂದು ನಾನೇ ಕೇಳತೊಡಗಿದ್ದೆ. ಕಳೆದ ವಾರ ತಾಯಿ ಹವಳ ಅರಳಿತು. ಮೊನ್ನೆ ಚೂರೂ ಕಲ್ಲು ಹಿಡಿದು, ಎಸಳು ಬಿಚ್ಚಿತು. ಗೀತಾ ಪಾಯಸ ಮಾಡಿದಳು.

ನಿನ್ನೆ ಎದುರುಮನೆಯ ಶಾರದಾ ಆಂಟಿ ಬಂದು ನೋಡಿ, "ನಮಗೂ ಒಂದ್ ಕಡ್ಡಿ ಕೊಡಿ," ಎಂದು ಅತ್ತೆಯನ್ನು ಕೇಳಿದರು. ಅವರ ಮನೆಯಲ್ಲಿ ಅಕ್ವೇರಿಯಮ್ ಇಲ್ಲ. ಅತ್ತೆ ಒಪ್ಪಿದ್ದಾರೆ.