ಹಲ್ಲಿನಕ್ಕನ ಹೊಟ್ಟೆಕಿಚ್ಚು

ಡಾಕ್ಟರುಗಳು ರೋಗಿಗಳ ಬಾಯಿಯ ಅಳತೆ ತೆಗೆದು ಕಳಿಸಿದ ಅಚ್ಚಿಗೆ ಹಲ್ಲಿನ ಸೆಟ್ಟು ಕಟ್ಟಿಕೊಡುವ ವರ್ಕ್‌ಶಾಪು ಅವಳದು. ಬೀದಿಯವರೆಲ್ಲ ಅವಳನ್ನು ಕರೆಯುವುದು ಹಲ್ಲಿನಕ್ಕ ಅಂತ. ಈ ಕೆಲಸಕ್ಕೆ ಬಂದದ್ದು ಹೊಟ್ಟೆಕಿಚ್ಚಿನಿಂದ ಎಂದು ಅವಳೇ ಮುಚ್ಚುಮರೆಯಿಲ್ಲದೆ ಹೇಳುತ್ತಾಳೆ.

ಮನೆಯಲ್ಲಿ ಅವಳು ದೊಡ್ಡವಳು, ವರ್ಷಕ್ಕೆ ಕಿರಿಯಳಾದ ತಂಗಿ ಚಿಕ್ಕವಳು. ಕಾಮಾಲೆ ಹಿಡಿದು ದೊಡ್ಡವಳಿಗೆ ಒಂದು ವರ್ಷ ಶಾಲೆ ತಪ್ಪಿತ್ತು. ಅಂದಿನಿಂದ ಇಬ್ಬರಿಗೂ ಒಂದೇ ತರಗತಿ, ಒಂದೇ ಬೆಂಚು. ಹತ್ತನೇ ತರಗತಿಯಲ್ಲಿ ದೊಡ್ಡವಳು ಪುಸ್ತಕ ಬಿಟ್ಟು ಕದಲಲಿಲ್ಲ. ಕೂತಲ್ಲೇ ತೂಗಾಡುತ್ತ ಜೋರಾಗಿ ಬಾಯಿಪಾಠ ಮಾಡುತ್ತಿದ್ದಳು. ಚಿಕ್ಕವಳು ಪಕ್ಕದಲ್ಲಿ ಅಂಗಾತ ಮಲಗಿ, ಕಾಲ ಮೇಲೆ ಕಾಲು ಹಾಕಿಕೊಂಡು ಕೇಳಿಸಿಕೊಳ್ಳುತ್ತಿದ್ದಳು, ಅಷ್ಟೆ.

ಫಲಿತಾಂಶ ಬಂತು. ಚಿಕ್ಕವಳು ಶಾಲೆಗೇ ಮೊದಲು. ದೊಡ್ಡವಳು ಲೆಕ್ಕದಲ್ಲಿ ಡುಮ್ಕಿ, ಉಳಿದದ್ದರಲ್ಲಿ ಹಾಗೂ ಹೀಗೂ ಪಾಸು.

“ಎಲ್ಲಾ ಅಕ್ಕನ ಪುಣ್ಯ. ಅವಳು ಓದಿದ್ದು ಕಿವಿಗೆ ಬಿದ್ದೇ ನಾನು ಬರೆದದ್ದು,” ಎಂದು ಚಿಕ್ಕವಳು ಬಂದಬಂದವರ ಮುಂದೆಲ್ಲ ಹೇಳಿದಳು. ಒಳ್ಳೇ ಮನಸ್ಸಿನಿಂದಲೇ ಹೇಳಿದ್ದು. ದೊಡ್ಡವಳಿಗೆ ಅದು ಗಾಯದ ಮೇಲೆ ಬರೆ ಎಳೆದ ಹಾಗಾಯಿತು. ತಂಗಿ ಕೆಟ್ಟವಳಾಗಿದ್ದರೆ ಬೈದಾದರೂ ಹಗುರಾಗಬಹುದಿತ್ತು.

ಕಾಲೇಜಿಗೆ ಅರ್ಜಿ ಕೊಡುವ ಕೊನೆಯ ದಿನ ಚಿಕ್ಕವಳ ಅಂಕಪಟ್ಟಿ ಕಾಣೆಯಾಯಿತು. ಹಿಂದಿನ ಸಂಜೆ ದೊಡ್ಡವಳೇ ಅದನ್ನು ಅಡುಗೆಮನೆ ಕಪಾಟಿನ ಹಲಗೆಗೆ ಹಾಸಿದ್ದ ಹಳೇ ಪೇಪರಿನಡಿ ತೂರಿಸಿದ್ದಳು. ಅಪ್ಪ ಮನೆಯನ್ನೆಲ್ಲ ತಲೆಕೆಳಗು ಮಾಡಿದರು. ಹಾಸಿಗೆ ಕೊಡವಿದ್ದಾಯಿತು, ಪೆಟ್ಟಿಗೆ ಬೋರಲು ಹಾಕಿದ್ದಾಯಿತು.

“ಅಕ್ಕಾ, ನೀನೂ ಸ್ವಲ್ಪ ನೋಡೇ, ನಂಗೆ ಕೈಕಾಲೇ ಆಡ್ತಿಲ್ಲ,” ಎಂದು ಚಿಕ್ಕವಳು ಅತ್ತಳು.

ದೊಡ್ಡವಳು ಹುಡುಕಿದಳು, ಕಪಾಟೊಂದನ್ನು ಬಿಟ್ಟು ಎಲ್ಲ ಕಡೆ. ತಂಗಿಯ ಕಣ್ಣೀರು ನೋಡಿ ಒಳಗೆಲ್ಲೋ ತಣ್ಣಗಾಯಿತು. ಮರುಗಳಿಗೆಗೆ ತನ್ನ ಬಗ್ಗೆಯೇ ಹೇಸಿಗೆಯೂ ಆಯಿತು. ಆದರೂ ಬಾಯಿ ಬಿಡಲಿಲ್ಲ.

ಕೊನೆಗೆ ಅಮ್ಮ ಹಲಗೆಯ ಪೇಪರು ಎತ್ತಿದಳು. ಕೈಗೆ ಸಿಕ್ಕಿದ್ದನ್ನು ನೋಡಿದಳು, ದೊಡ್ಡವಳ ಮುಖ ನೋಡಿದಳು. “ಅಯ್ಯೋ, ನಾನೇ ಇಟ್ಟು ಮರೆತಿದ್ದೆ ಕಣ್ರೀ!” ಎಂದಳು. ಅಪ್ಪನ ಬೈಗುಳವನ್ನೆಲ್ಲ ತಲೆ ಬಗ್ಗಿಸಿ ತಾನೇ ತಿಂದಳು. ಅಪ್ಪ, ಚಿಕ್ಕವಳು ಕಾಲೇಜಿಗೆ ಓಡಿದರು.

ಹಿತ್ತಲಲ್ಲಿ ಬಟ್ಟೆ ಹಿಂಡುವಾಗ ಅಮ್ಮ ದೊಡ್ಡವಳನ್ನು ಕೇಳಿದಳು: “ಆಗಿದ್ದು ಆಯ್ತು, ಅದನ್ನ ಇನ್ನು ಎತ್ತೋದು ಬೇಡ. ಮುಂದೇನು ಮಾಡ್ತೀಯ ಹೇಳು.”

“ಲೆಕ್ಕದ ಪರೀಕ್ಷೆ ಮತ್ತೆ ಬರೀತೀನಿ.”

“ಆಮೇಲೆ?”

“ಅವಳಿಗಿಂತ ಒಂದು ಕ್ಲಾಸು ಹಿಂದೆ ಕೂತ್ಕೊಂಡು ಓದೋದು ನನ್ನಿಂದ ಆಗಲ್ಲಮ್ಮಾ. ಅವಳು ಕಾಲಿಡದ ಜಾಗ ಯಾವುದಾದ್ರೂ ಇದ್ರೆ ಹೇಳು.”

ಅಮ್ಮ ಸೀರೆಯ ಸೆರಗು ಕೊಡವಿ ತಂತಿಗೆ ಹಾಕಿದಳು. “ನಿನ್ನ ಮಾವನ ವರ್ಕ್‌ಶಾಪಿದೆ. ಬಾಯೊಳಗಿನ ವಸ್ತು, ಹೇಸಿಗೆ ಅಂತ ಅವಳು ಆ ಕಡೆ ತಲೆ ಹಾಕಲ್ಲ.”

“ನಾಳೇನೇ ಹೋಗ್ತೀನಿ.”

ಅಮ್ಮನ ತಮ್ಮನಾದ ಆ ಮಾವ ತಿಂಗಳುಗಟ್ಟಲೆ ಅಚ್ಚಿಗೆ ಸುರಿಯುವ ಗಾರೆ ಕಲಸುವುದು, ಅಚ್ಚು ತೊಳೆಯುವುದು, ಇಷ್ಟನ್ನೇ ಮಾಡಿಸಿದ. ಪರೀಕ್ಷೆ ಮತ್ತೆ ಬರೆದು ಅವಳು ಮೂವತ್ತಾರು ಅಂಕದಲ್ಲಿ ಪಾಸಾದಳು. ಅದನ್ನು ಯಾರೂ ಬೀದಿಯಲ್ಲಿ ಸಾರಲಿಲ್ಲ. ಒಂದು ದಿನ ಮಾವ ಮೇಣದಲ್ಲಿ ಜೋಡಿಸಿಟ್ಟ ಹಲ್ಲಿನ ಸಾಲು ನೋಡಿ ಅವಳೆಂದಳು: “ಮಾವ, ಎಡಗಡೇದು ಒಂಚೂರು ಉದ್ದ.”

ಮಾವ ಅಳೆದು ನೋಡಿದ. ಕೂದಲೆಳೆಯಷ್ಟು ಉದ್ದವಿತ್ತು. “ಇದು ಹೇಗೆ ಕಂಡಿತೇ ನಿನಗೆ?”

ತಂಗಿಯ ತಟ್ಟೆ, ತಂಗಿಯ ಜಡೆ, ತಂಗಿಯ ಅಂಕ, ಬುದ್ಧಿ ಬಂದಾಗಿನಿಂದ ದೊಡ್ಡವಳ ಕಣ್ಣು ಮಾಡಿದ್ದು ತನ್ನದರೊಂದಿಗೆ ಅಳೆದು ನೋಡುವ ಅದೊಂದೇ ಕೆಲಸ. ಮಾವ ಮೇಣದ ಚಾಕು ಅವಳ ಕೈಗೆ ಕೊಟ್ಟ.

ಅವಳು ಕಟ್ಟಿದ ಮೊದಲ ಪೂರ್ತಿ ಸೆಟ್ಟು ಒಬ್ಬ ನಿವೃತ್ತ ಟಪಾಲಿನವನದು. ಅವನು ಖುದ್ದಾಗಿ ವರ್ಕ್‌ಶಾಪು ಹುಡುಕಿಕೊಂಡು ಬಂದು, ಅವಳೆದುರೇ ಕಡಲೆಬೀಜ ಕಟಕಟ ಅಗಿದು ತೋರಿಸಿದ. ಅವಳು ಕುಣಿಯುತ್ತ ಮನೆಗೆ ಬಂದರೆ ಅಂದೇ ಚಿಕ್ಕವಳಿಗೆ ಕಾಲೇಜಿನ ಬಹುಮಾನ, ಮನೆ ತುಂಬ ಜನ. ಹೊಟ್ಟೆಯೊಳಗೆ ಕೆಂಡ ಮಗ್ಗುಲು ಬದಲಿಸಿತು. ಮೊದಲಿನ ಹಾಗಿದ್ದರೆ ಮೂಲೆ ಹಿಡಿಯುತ್ತಿದ್ದಳು. ಅವತ್ತು ನಡುಮನೆಯಲ್ಲಿ ನಿಂತು, ಎಲ್ಲರ ಮಾತು ಮೀರಿಸಿ, ಟಪಾಲಿನವನ ಕಡಲೆಬೀಜದ ಕತೆ ಹೇಳಿದಳು.

ಗದ್ದಲ ನಿಂತಿತು. “ಏನಂದೆ? ಅಷ್ಟೂ ಹಲ್ಲು ನೀನೇ ಕಟ್ಟಿದ್ದಾ? ಇನ್ನೊಂದ್ಸಲ ಹೇಳು,” ಎಂದರು ಅಪ್ಪ.

ಮಾವನ ನಂತರ ವರ್ಕ್‌ಶಾಪು ಅವಳ ಕೈಗೆ ಬಂತು. ಚಿಕ್ಕವಳು ಈಗ ಕಾಲೇಜಿನಲ್ಲಿ ಪ್ರೊಫೆಸರು, ಆಗಾಗ ಪೇಪರಿನಲ್ಲಿ ಫೋಟೊ ಬರುತ್ತದೆ. ಕಂಡ ಕೂಡಲೇ ಹಲ್ಲಿನಕ್ಕನಿಗೆ ಇವತ್ತಿಗೂ ಹೊಟ್ಟೆ ಚುರುಕ್ಕೆನ್ನುತ್ತದೆ. ಕೈ ಒರೆಸಿಕೊಂಡು, ಇನ್ನೊಮ್ಮೆ ಓದಿ, ಆಮೇಲೆ ಕೆಲಸದವರನ್ನು ಕರೆಯುತ್ತಾಳೆ: “ಬನ್ರೋ ಇಲ್ಲಿ, ನೋಡಿ, ನನ್ನ ತಂಗಿ.”