ಬದನೆ ಸಾಲಿನ ದುಂಬಿಗಳು ಮತ್ತು ಕಾರಟಗಿಯ ಬೀಗರು

ಇವತ್ತು ಬೆಳಿಗ್ಗೆ ಮಿಕ್ಸರಿನ ಮುಚ್ಚಳ ತೆಗೆದದ್ದೇ ತಡ, ಬೇವಿನ ಬೀಜ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಒಟ್ಟಿಗೆ ಅರೆದ ವಾಸನೆ ಕೊಪ್ಪಳದ ನಮ್ಮ ಮನೆಯ ತುಂಬಾ ಹರಡಿತು. ತಾರಸಿಯ ಕುಂಡಗಳಲ್ಲಿ ಬದನೆ ಹಾಕಿದ್ದೇನೆ, ಅದಕ್ಕೆ ದುಂಬಿ ಬಿದ್ದಿದೆ. ನೀವಾದರೆ ಈ ವಾಸನೆಗೆ ಮೂಗು ಮುಚ್ಚಿಕೊಳ್ಳುತ್ತೀರಿ. ನನಗೆ ನನ್ನ ಮದುವೆ ನೆನಪಾಗುತ್ತದೆ. ನಗಬೇಡಿ, ಕೇಳಿ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಯಲಬುರ್ಗಾ ಕಡೆಯ ನಮ್ಮೂರಲ್ಲಿ ಅಪ್ಪ ಬಾವಿ ನೀರಿನ ಮೇಲೆ ಬದನೆ ಬೆಳೆಯುತ್ತಿದ್ದ. ಆ ವರ್ಷ ಕೆಂಪು ಬೆನ್ನಿನ ಮೇಲೆ ಕರಿ ಚುಕ್ಕೆಗಳಿರುವ, ಅರ್ಧ ಕಡಲೆಯಂಥ ದುಂಬಿಗಳು ಎಲೆಯ ಹಸಿರನ್ನೆಲ್ಲ ಕೆರೆದು ತಿಂದು ಬರೀ ಜಾಳಿಗೆ ಉಳಿಸಿದ್ದವು. ನೋಡಲು ಚೆಂದವೇ. ನನ್ನದೊಂದು ಚೂಡಿದಾರಕ್ಕೂ ಅದೇ ಬಣ್ಣ, ಅದೇ ಚುಕ್ಕೆ. ರೇಡಿಯೋದಲ್ಲಿ ಬೇವಿನ ಬೀಜದ ಕಷಾಯದ ವಿಷಯ ಕೇಳಿದ್ದ ನಾನು ಅಪ್ಪನಿಗೆ ಗಂಟುಬಿದ್ದೆ.

"ಹುಳಕ್ಕ ಕಷಾಯ ಕುಡಿಸ್ತೀಯಾ? ಅವಕ್ಕೇನು ನೆಗಡಿ ಬಂದೈತೇನವ್ವ?" ಎಂದ ಅಪ್ಪ. ಕೊನೆಗೆ ಬಾವಿ ಕಡೆಯ ನಾಲ್ಕು ಸಾಲು ಬಿಟ್ಟುಕೊಟ್ಟ. ಎಂಟು ದಿನದಲ್ಲಿ ಗುಣ ಕಾಣದಿದ್ದರೆ ಅಲ್ಲಿಗೂ ಅಂಗಡಿ ಔಷಧಿಯೇ ಎಂದ.

ಬೀಜ ಕುಟ್ಟಿ, ಬಟ್ಟೆಯಲ್ಲಿ ಕಟ್ಟಿ, ನೀರಲ್ಲಿ ನೆನೆಸಿ ಹಿಂಡಿದೆ. ಎಲೆಗೆ ಅಂಟಲೆಂದು ಚೂರು ಸಾಬೂನು ಕಲಸಿದೆ. ಬೆಳ್ಳುಳ್ಳಿ, ಮೆಣಸಿನಕಾಯಿ ನನ್ನ ಸ್ವಂತ ಬುದ್ಧಿ.

ಒಂದು ಸಲ ಹೊಡೆದದ್ದಾಗಿತ್ತು. ಎರಡನೇ ಸಲಕ್ಕೆ ಒಳಕಲ್ಲಿನಲ್ಲಿ ಅರೆಯುತ್ತಿದ್ದ ದಿನವೇ ಕಾರಟಗಿಯಿಂದ ನನ್ನನ್ನು ನೋಡಲು ಗಂಡಿನವರು ಬಂದರು. ಬರಬೇಕಾದದ್ದು ಮರುದಿನ. ಕುಷ್ಟಗಿಯಲ್ಲಿ ಸಂಬಂಧಿಕರ ಮನೆಗೆ ಬಂದವರು, ಹೇಗೂ ಇಷ್ಟು ದೂರ ಬಂದಿದ್ದೇವಲ್ಲ ಎಂದು ನಮ್ಮೂರಿಗೂ ಬಂದುಬಿಟ್ಟಿದ್ದರು. ಅವರನ್ನು ಕರೆಯುವುದೋ, ನನ್ನನ್ನು ಬಚ್ಚಲಿಗೆ ನೂಕುವುದೋ ತಿಳಿಯದೆ ಅವ್ವ ಒಂದು ಹಿಡಿ ಊದುಬತ್ತಿ ಹಚ್ಚಿದಳು. ವಾಸನೆ ಇನ್ನಷ್ಟು ಕೆಟ್ಟಿತು.

ನಾನು ಚಹಾ ತಂದಾಗ ಹುಡುಗನ ತಾಯಿ ಸೆರಗನ್ನು ಮೂಗಿಗೆ ಒತ್ತಿಕೊಂಡು ಸೀನುತ್ತಿದ್ದರು. "ಏನ್ ವಾಸನಿರಿ ಇದು?" ಎಂದರು.

"ಉಪ್ಪಿನಕಾಯಿ ಮಸಾಲಿರಿ" ಎಂದಳು ಅವ್ವ. "ಬದನಿ ಹುಳದ ಕಷಾಯರಿ" ಎಂದೆ ನಾನು. ಎರಡೂ ಉತ್ತರ ಒಟ್ಟಿಗೇ ಬಿದ್ದವು.

ಅಷ್ಟು ಹೊತ್ತು ಚಾಪೆಯ ಅಂಚು ನೋಡುತ್ತಿದ್ದ ಹುಡುಗ ತಲೆ ಎತ್ತಿದ. "ಹುಳ ಸತ್ತವೇನ್ರಿ?"

"ಸಾಯಂಗಿಲ್ರಿ. ಎಲಿ ಕಹಿ ಆಗಿ ತಿನ್ನೋದು ಬಿಡ್ತಾವು."

"ಬಿಟ್ಟಾವೇನು?"

ಸುಳ್ಳು ಹೇಳಬಹುದಿತ್ತು. "ಇನ್ನೂ ತಿನ್ನಾಕತ್ತಾವ್ರಿ" ಎಂದೆ.

ನೋಡಬೇಕೆಂದ. ಹೆಣ್ಣು ನೋಡಲು ಬಂದವರೆಲ್ಲ ಸಾಲುಹಿಡಿದು ಬದನೆ ನೋಡಲು ಹೊರಟರು. ಇಸ್ತ್ರಿ ಪ್ಯಾಂಟಿನಲ್ಲೇ ಅವನು ಕುಕ್ಕರಗಾಲಲ್ಲಿ ಕುಳಿತು ಎಲೆ ಮಗುಚಿದ. ಕೆಳಗೆ ಮೈಯೆಲ್ಲ ಮುಳ್ಳಿರುವ ಹಳದಿ ಮರಿಗಳು. "ನೀವು ಮ್ಯಾಲೆ ಅಷ್ಟ ಹೊಡದೀರಿ. ಮರಿ ಎಲ್ಲಾ ಕೆಳಗ ಕುಂತಾವ ನೋಡ್ರಿ" ಎಂದ.

ಎಲ್ಲರೆದುರು ತಪ್ಪು ಹಿಡಿದನಲ್ಲ ಎಂದು ಮೈ ಉರಿಯಿತು. ಇವನನ್ನು ಒಲ್ಲೆ ಎನ್ನುವುದೆಂದು ಅಲ್ಲೇ ನಿರ್ಧರಿಸಿದೆ. ಆದರೆ ಅವರು ಹೋದ ಮೇಲೆ ಔಷಧಿ ಹೊಡೆಯುವ ಪಂಪಿನ ಮೂತಿ ಮೇಲೆ ಮಾಡಿ ಪ್ರತಿ ಎಲೆಯ ಅಡಿಗೂ ಹೊಡೆದೆ. ಸಿಟ್ಟು ಬೇರೆ, ಬದನೆ ಬೇರೆ.

ಗಡುವಿನ ದಿನ ಅಪ್ಪ ಸಾಲಿನಲ್ಲಿ ಅಡ್ಡಾಡಿದ. ಹಳೆಯ ಎಲೆಗಳು ಜಾಳಿಗೆಯಾಗಿಯೇ ಇದ್ದವು. ಹೊಸ ಚಿಗುರಿಗೆ ಮಾತ್ರ ಒಂದು ಹುಳವೂ ಬಾಯಿ ಹಾಕಿರಲಿಲ್ಲ. "ಬಾಕಿ ಸಾಲಿಗೂ ಬೀಜ ನೆನಿ ಹಾಕವ್ವ" ಎಂದ, ನನ್ನ ಮುಖ ನೋಡದೆ.

ಮುಂದಿನ ವಾರ ಆ ಹುಡುಗ ಒಬ್ಬನೇ ಬಂದ. "ಎಲಿ ಹ್ಯಾಂಗದಾವ ನೋಡಾಕ ಬಂದಿದ್ನಿರಿ" ಎಂದ ಅಪ್ಪನಿಗೆ. ಕಾರಟಗಿಯಿಂದ ಬಸ್ಸು ಬದಲಿಸಿ ಬದನೆ ಎಲೆ ನೋಡಲು ಯಾರಾದರೂ ಬರುತ್ತಾರೆಯೇ? ಅಪ್ಪ ಒಳಗೆ ಬಂದು, "ಏನಂತೀಯವ್ವ?" ಎಂದ.

ಒಲ್ಲೆ ಎಂಬುದು ನಾಲಿಗೆಯ ತುದಿಯಲ್ಲೇ ಇತ್ತು. ಹೊರಗೆ ಬಂದದ್ದು, "ಮೊದಲ ಊಟ ಮಾಡ್ಲಿ ಬಿಡಪ್ಪ."

ಅವತ್ತು ಸೀನಿದ್ದ ಅತ್ತೆಯೂ ಒಪ್ಪಿದರು. ಕಷಾಯ ಅರೆಯುವುದು ಹಿತ್ತಲಲ್ಲೇ ಎಂಬುದೊಂದೇ ಅವರ ಷರತ್ತು.

ಈಗ ಸೋಸಿದ ಕಷಾಯ ಹಿಡಿದು ತಾರಸಿಗೆ ಬಂದರೆ ನಮ್ಮವರು ಆಗಲೇ ಬಂದು, ಬಕೆಟ್ ಬೋರಲು ಹಾಕಿ ಕುಳಿತಿದ್ದಾರೆ. ಕನ್ನಡಕ ಮೂಗಿನ ತುದಿಗೆ ಜಾರಿದೆ. "ತಡಿ, ಹೊಡಿಬ್ಯಾಡ. ನಾ ಒಮ್ಮೆ ನೋಡ್ತೀನಿ" ಎಂದು ಒಂದೊಂದೇ ಎಲೆ ಮಗುಚುತ್ತಿದ್ದಾರೆ. ಬೇರೆ ದಿನವಾದರೆ, "ಸಾಕು ಏಳ್ರಿ, ಅಡಗಿ ಕೆಲಸ ಐತಿ" ಎನ್ನುತ್ತಿದ್ದೆ. ಇವತ್ತು ಇನ್ನೊಂದು ಬಕೆಟ್ ಎಳೆದುಕೊಂಡು ಎದುರಿಗೆ ಕುಳಿತೆ. ಬಿಸಿಲೇರಲು ಇನ್ನೂ ಹೊತ್ತಿತ್ತು.